ಪುಟ್ಟಿಯ ಅಂಗಡಿ: ಮೂರು ಹಣ್ಣಿನ ಪೆಟ್ಟಿಗೆ, ಎರಡು ಕರಟ, ಏಳು ಭಾನುವಾರ

ಈ ಸಲದ ಗೊಂಬೆ ಹಬ್ಬದಲ್ಲಿ ನಮ್ಮ ಮಗಳು ಪುಟ್ಟಿ ಪಟ್ಟದ ಗೊಂಬೆಗಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ನೆಟ್ಟಿದ್ದು ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ಶೆಟ್ಟರು, ಶೆಟ್ಟಿಗಿತ್ತಿಯ ಮೇಲೆ. ಮುಂದೆ ಪುಟ್ಟ ಪುಟ್ಟ ಬಟ್ಟಲಲ್ಲಿ ಅಕ್ಕಿ, ಬೇಳೆ, ಬೆಲ್ಲ. ಹತ್ತು ದಿನವೂ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಹತ್ತು ದಿನವೂ ನಮ್ಮಮ್ಮ "ಮುಟ್ಟಬೇಡ ಕಂದಾ" ಅಂತ ಹೇಳಿದರು. ವಿಜಯದಶಮಿ ಮುಗಿದು ಗೊಂಬೆಗಳು ಪೆಟ್ಟಿಗೆ ಸೇರಿದ ದಿನ ಅವಳು ಅತ್ತ ಅಳು ಇದೆಯಲ್ಲ, ಆ ಅಳುವಿನಿಂದ ಅವಳಿಗೊಂದು ಆಟದ ಅಂಗಡಿ ಮಾಡಿಕೊಡುವ ಈ ಕೆಲಸ ಶುರುವಾಯಿತು.

ಇನ್ನೊಂದು ಕಾರಣವೂ ಇತ್ತು. ಪುಟ್ಟಿಗೆ ಮೂರು ವರ್ಷ ಎಂಟು ತಿಂಗಳು. ಮಾತು ಬರುತ್ತೆ, ಆದರೆ ಚಿಕ್ಕದು. "ವಾಟರ್ ಬೇಕು", "ಅದು ಕೊಡು", "ಇದು ಬೇಡ". ಮನೆಯಲ್ಲಿ ಅವಳು ಬಾಯಿ ಬಿಡುವ ಮೊದಲೇ ನಾವು ಕೊಟ್ಟುಬಿಡುತ್ತೇವೆ. ಮತ್ತೆ ಮಾತು ಯಾಕೆ ಬೇಕು ಹೇಳಿ? ಅಂಗಡಿ ಆದರೆ ಕೇಳಲೇಬೇಕು, ಹೇಳಲೇಬೇಕು, ಚೌಕಾಸಿ ಮಾಡಲೇಬೇಕು. ಅಷ್ಟೇ ನನ್ನ ಲೆಕ್ಕಾಚಾರ.

ನಾನು ಬಡಗಿಯಲ್ಲ, ಆಫೀಸಲ್ಲಿ ಎಕ್ಸೆಲ್ ಶೀಟ್ ತುಂಬುವವನು. ಗರಗಸ, ಸುತ್ತಿಗೆ, ಟೇಪು ನನ್ನವು. ಡ್ರಿಲ್ಲಿಂಗ್ ಮೆಷೀನ್ ಪಕ್ಕದ ಮನೆಯವರದು. ತಪ್ಪುಗಳು ಎಲ್ಲ ನನ್ನವೇ.

ಅಕ್ಟೋಬರ್ 13, ಭಾನುವಾರ: ರಟ್ಟಿನ ಅಂಗಡಿ

ಅಟ್ಟದ ಮೇಲೆ ಟಿವಿ ಬಂದಿದ್ದ ರಟ್ಟಿನ ಡಬ್ಬ ಇತ್ತು. ಮುಂದೆ ಕಿಟಕಿ ಕೊರೆದು, ಅದರ ಕೆಳಗೆ ಕೌಂಟರ್ ಥರ ಮಡಿಸಿ, ಅಗಲದ ಟೇಪ್ ಸುತ್ತಿದೆ. ಟೇಪಿಗೆ 60 ರೂಪಾಯಿ. ಎರಡು ಗಂಟೆಯ ಕೆಲಸ. ನೋಡೋಕೆ ಚೆನ್ನಾಗಿಯೇ ಇತ್ತು.

ತಪ್ಪು ಒಂದು: ಕೌಂಟರಿನ ಎತ್ತರ 80 ಸೆಂಟಿಮೀಟರ್ ಇಟ್ಟೆ. ಯಾಕೆ ಅಂದರೆ ಗಿರಾಕಿಯಾಗಿ ನಾನು ಕುರ್ಚಿಯಲ್ಲಿ ಕೂತಾಗ ನನಗೆ ಅನುಕೂಲ. ಪುಟ್ಟಿಯ ಎತ್ತರ 98. ಒಳಗೆ ನಿಂತರೆ ಗಲ್ಲ ಕೌಂಟರಿಗೆ ತಾಗುತ್ತಿತ್ತು. ಅಂಗಡಿಯವಳ ಬರೀ ತಲೆ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

ತಪ್ಪು ಎರಡು: ಅರ್ಧ ಕೇಜಿ ಆಲೂಗಡ್ಡೆ ಇಟ್ಟ ತಕ್ಷಣ ರಟ್ಟು ಬಾಗಿತು. ಸಂಜೆ ಅವಳೇ ಹತ್ತಿ ಕೂತಳು. ಅಂಗಡಿ ಪೂರ್ತಿ ಚಪಾತಿ.

ಅಕ್ಟೋಬರ್ 20: ಹಣ್ಣಿನ ಪೆಟ್ಟಿಗೆ

ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಹೋಗಿ ಹಣ್ಣು ತುಂಬಿ ಬರುವ ಮರದ ಪೆಟ್ಟಿಗೆ ಮೂರು ತಂದೆ. ಒಂದಕ್ಕೆ 50 ರೂಪಾಯಿ. 70 ಹೇಳಿದರು. ಪುಟ್ಟಿ ಜೊತೆಗಿದ್ದಳು, ನಾನು ಚೌಕಾಸಿ ಮಾಡೋದನ್ನ ಬಾಯಿ ತೆರೆದು ನೋಡಿದಳು. ಇದು ಮುಂದೆ ನನಗೇ ತಿರುಗಿತು, ಆಮೇಲೆ ಹೇಳ್ತೀನಿ.

ಎರಡು ಪೆಟ್ಟಿಗೆ ಅಡ್ಡ ಮಲಗಿಸಿ ಒಂದರ ಮೇಲೊಂದು ಇಟ್ಟರೆ ಕೌಂಟರ್. ಮೂರನೆಯದು ಹಿಂದೆ, ಸಾಮಾನಿನ ಗೂಡು. ಈ ಸಲ ಮೊದಲು ಅಳತೆ ತಗೊಂಡೆ. ಅವಳನ್ನು ನಿಲ್ಲಿಸಿ, ಮೊಣಕೈ ಮಡಿಸಿ, ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿದೆ: 57. ಅದಕ್ಕಿಂತ ಸ್ವಲ್ಪ ಕೆಳಗಿರಲಿ ಅಂತ 54ಕ್ಕೆ ನಿಲ್ಲಿಸಿದೆ. ಮೇಲಿನ ಪೆಟ್ಟಿಗೆಯ ಒಂದು ಪಟ್ಟಿ ಕೊಯ್ದು ತೆಗೆಯಬೇಕಾಯಿತು.

ಹೆಚ್ಚು ಹೊತ್ತು ತಿಂದದ್ದು ಮೊಳೆ ಕೀಳುವ ಕೆಲಸ. ಹೊರಗೆ ಚಾಚಿಕೊಂಡಿದ್ದ 11 ಮೊಳೆ ಕಿತ್ತೆ. ಆಮೇಲೆ ಉಪ್ಪುಕಾಗದ, ಮೊದಲು ಒರಟಾದ 80 ನಂಬರ್, ಆಮೇಲೆ ನುಣುಪಾದ 120. ಮೊಳೆ, ಉಪ್ಪುಕಾಗದ ಸೇರಿ 85 ರೂಪಾಯಿ. ಕಣ್ಣಿಗೆ ಕಾಣುವ ಜಾಗ ಎಲ್ಲ ನುಣ್ಣಗೆ ಮಾಡಿ, ಕೌಂಟರಿನ ಅಡಿಭಾಗ ಬಿಟ್ಟೆ. ಯಾರು ನೋಡ್ತಾರೆ ಅಂತ. ಮಕ್ಕಳು ಎಲ್ಲಕ್ಕಿಂತ ಮೊದಲು ಹಿಡಿಯೋದು ಅಡಿಯನ್ನೇ. ಹತ್ತು ನಿಮಿಷದಲ್ಲಿ ಅಂಗೈಗೆ ಸಿಬಿರು ಹೊಕ್ಕಿತು. ಅಮ್ಮ ಸೂಜಿಯಲ್ಲಿ ತೆಗೆದರು. ನನಗೆ ಬೈಗುಳ.

ಆದರೆ ಅವತ್ತು "ಸಿಬಿರು" ಅನ್ನುವ ಪದ ಅವಳ ಬಾಯಿಗೆ ಬಂತು. ಮುಂದಿನ ವಾರ ಪೂರ್ತಿ ಮನೆಗೆ ಬಂದವರಿಗೆಲ್ಲ ಅಂಗೈ ಚಾಚಿ "ಸಿಬಿರು ಚುಚ್ಚಿತ್ತು, ಅಜ್ಜಿ ಕಿತ್ತರು" ಅಂತ ವರದಿ ಕೊಟ್ಟಳು. ಅಲ್ಲಿಯವರೆಗೆ ಅವಳು ಹೇಳಿದ ಅತಿ ಉದ್ದದ ವಾಕ್ಯ ಅದು ಅಂತ ನನ್ನ ಹೆಂಡತಿ ಲೆಕ್ಕ ಇಟ್ಟಿದ್ದಾಳೆ.

ಅಕ್ಟೋಬರ್ 27ರಿಂದ ನವೆಂಬರ್ 3: ತಕ್ಕಡಿ

ಇದೇ ನಿಜವಾದ ಪರದಾಟ. ಪ್ಲಾಸ್ಟಿಕ್ ತಕ್ಕಡಿ ಅಂಗಡಿಯಲ್ಲಿ ಸಿಗುತ್ತೆ ಅಂತ ಗೊತ್ತಿತ್ತು. ಹಟ.

ಸಾಮಾನು: 40 ಸೆಂಟಿಮೀಟರ್ ಉದ್ದದ ಮರದ ರೀಪರ್ ತುಂಡು, ಒಂದಿಂಚು ಅಗಲ, ಅರ್ಧ ಇಂಚು ದಪ್ಪ (70 ರೂಪಾಯಿ). ಹುರಿ ಮತ್ತು ಕೊಕ್ಕೆಗಳು (75). ಡ್ರಿಲ್ಲಿನ ಬಿಟ್ಟು, ಅಂದರೆ ತೂತು ಕೊರೆಯುವ ಮೊನೆ, ಎರಡು: 3 ಮತ್ತು 6 ಮಿಲಿಮೀಟರ್ (110). ತಟ್ಟೆಗೆ ತೆಂಗಿನ ಕರಟ, ಅಡುಗೆಮನೆಯಿಂದ ಪುಕ್ಕಟೆ.

ಕರಟವನ್ನು ಮೊದಲು ಒಳಗೂ ಹೊರಗೂ ಹೆರೆದು, ಉಪ್ಪುಕಾಗದ ಹಾಕಿ ತಿಕ್ಕಿದೆ. ಅಂಚಿನ ಹತ್ತಿರ ಮೂರು ತೂತು ಬೇಕು, ಸಮ ದೂರದಲ್ಲಿ. ನೇರ 6ರ ಬಿಟ್ಟು ಹಾಕಿದೆ. ಚಟ್ ಅಂತ ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೆ ತೂತು ಮಾಡುವ ಜಾಗಕ್ಕೆ ಟೇಪ್ ಅಂಟಿಸಿ, ಒಳಗೆ ಒಂದು ಮರದ ತುಂಡು ಆನಿಸಿ, 3ರ ಬಿಟ್ಟಿನಲ್ಲಿ ನಿಧಾನಕ್ಕೆ ಕೊರೆದೆ. ಬಂತು. 3 ಮಿಲಿಮೀಟರ್ ತೂತೇ ಹುರಿಗೆ ಸಾಕಾಗಿತ್ತು, 6ರ ಬಿಟ್ಟು ಸುಮ್ನೆ ದಂಡ. ಅವತ್ತು ಮನೆಯಲ್ಲಿ ಕಾಯಿ ಚಟ್ನಿ ಜಾಸ್ತಿಯಾಯಿತು.

ಇನ್ನು ತಕ್ಕಡಿಯ ದಂಡ, ಅಂದರೆ ಆ ರೀಪರ್ ತುಂಡಿನ ಕಥೆ ಕೇಳಿ. ಮೊದಲ ಸಲ ನೇತು ಹಾಕುವ ತೂತನ್ನು ನಟ್ಟನಡುವೆ, ಆದರೆ ಕೆಳ ಅಂಚಿನ ಹತ್ತಿರ ಕೊರೆದೆ. ತಟ್ಟೆಯ ಕೊಕ್ಕೆಗಳು ಮೇಲಿನ ಅಂಚಿನಲ್ಲಿ. ತಕ್ಕಡಿ ಎತ್ತಿದ ಕೂಡಲೆ ದಬಕ್ ಅಂತ ಒಂದು ಕಡೆ ಬಿತ್ತು. ಇನ್ನೊಂದು ಕಡೆ ಒತ್ತಿದರೆ ಆ ಕಡೆ ದಬಕ್. ನಡುವೆ ನಿಲ್ಲುವ ಮಾತೇ ಇಲ್ಲ. ಪುಟ್ಟಿಗೆ ಇದೇ ಇಷ್ಟವಾಯಿತು. ಅರ್ಧ ಗಂಟೆ "ದಬಕ್... ಇನ್ನೊಂದ್ಸಲ... ದಬಕ್" ನಡೆಯಿತು.

ಎರಡನೆಯ ಸಲ ತಲೆಕೆಳಗು ಮಾಡಿದೆ. ನೇತು ಹಾಕುವ ತೂತು ಮೇಲಿನ ಅಂಚಿನಲ್ಲಿ, ಕೊಕ್ಕೆಗಳು ಕೆಳ ಅಂಚಿನಲ್ಲಿ. ಈಗ ನಿಂತಿತು. ಎಷ್ಟು ಚೆನ್ನಾಗಿ ನಿಂತಿತು ಅಂದರೆ ಒಂದು ಕಡೆ ಎರಡು ಅಡಿಕೆ ಜಾಸ್ತಿ ಹಾಕಿದರೂ ಅಲುಗಾಡಲಿಲ್ಲ. ಸೋಮಾರಿ ತಕ್ಕಡಿ.

ಮೂರನೆಯದು ಸರಿಯಾಯಿತು. ಹೊಸ ತುಂಡಿನಲ್ಲಿ ಕೊಕ್ಕೆಗಳು ದಂಡದ ಅಗಲದ ನಡುಗೆರೆಯಲ್ಲಿ, ನೇತು ಹಾಕುವ ತೂತು ಆ ಗೆರೆಗಿಂತ 3 ಮಿಲಿಮೀಟರ್ ಮೇಲೆ. ಈಗ ಒಂದು ಹುಣಸೆಬೀಜಕ್ಕೂ ತಲೆ ಆಡಿಸುತ್ತೆ. ಮಾಡುವವರು ಈ ಒಂದು ಅಳತೆ ಬರೆದಿಟ್ಟುಕೊಳ್ಳಿ, ಎರಡು ಭಾನುವಾರ ಉಳಿಯುತ್ತೆ.

ಖಾಲಿ ತಕ್ಕಡಿ ಎಡಕ್ಕೆ ವಾಲುತ್ತಿತ್ತು. ಕರಟಗಳನ್ನು ಅಡುಗೆಮನೆಯ ಡಿಜಿಟಲ್ ತೂಕದ ಮೇಲಿಟ್ಟೆ: ಒಂದು 64 ಗ್ರಾಂ, ಇನ್ನೊಂದು 73. ಹಗುರದ್ದರ ಅಡಿಗೆ 9 ಗ್ರಾಂ ಎಂ-ಸೀಲ್ ಮೆತ್ತಿದೆ (40 ರೂಪಾಯಿ). ಹುರಿಗಳ ಉದ್ದ ತಲಾ 30 ಸೆಂಟಿಮೀಟರ್, ಗಂಟು ಹಾಕಿದ ಮೇಲೆ ಮತ್ತೊಮ್ಮೆ ಅಳೆದು ಸರಿ ಮಾಡಿದೆ.

ತೂಕದ ಬಟ್ಟಿಗೆ ಅಮ್ಮ ಗುಲಗಂಜಿ ಕೊಡ್ತೀನಿ ಅಂದರು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಅದರಲ್ಲೇ. ಕೆಂಪು-ಕಪ್ಪು, ನೋಡೋಕೆ ಮುದ್ದು. ಆದರೆ ಗುಲಗಂಜಿ ಬೀಜ ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ, ಮಕ್ಕಳ ಆಟಕ್ಕೆ ಬೇಡವೇ ಬೇಡ. ಅದರ ಬದಲು ಔಷಧದ ಸಣ್ಣ ಪ್ಲಾಸ್ಟಿಕ್ ಬಾಟಲಿಗಳಿಗೆ ಮರಳು ತುಂಬಿ 50, 100, 200 ಗ್ರಾಂ ಮಾಡಿ, ಮುಚ್ಚಳ ಅಂಟಿನಿಂದ ಮುಚ್ಚಿದೆ.

ನವೆಂಬರ್ 2, ಬಲಿಪಾಡ್ಯಮಿ: ಕಡಲೆಕಾಳು

ಇದನ್ನು ಬರೆಯೋಕೆ ಮನಸ್ಸಿರಲಿಲ್ಲ. ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ.

ಹಬ್ಬಕ್ಕೆ ತಂಗಿ ಬಂದಿದ್ದಳು, ಎರಡು ವರ್ಷದ ಮಗನ ಜೊತೆ. ಅಂಗಡಿಯಲ್ಲಿ ಬಟ್ಟಲು ಬಟ್ಟಲು ಕಡಲೆಕಾಳು, ಹೆಸರುಕಾಳು, ರಾಗಿ ಜೋಡಿಸಿ ಇಟ್ಟಿದ್ದೆ, ಶೆಟ್ಟರ ಅಂಗಡಿಯ ಥರವೇ. ನಾವು ಊಟಕ್ಕೆ ಕೂತಿದ್ದೆವು. ಪುಟ್ಟಿ ಓಡಿ ಬಂದು "ಪಾಪು ಮೂಗಲ್ಲಿ ಕಡಲೆ ಹೋಯ್ತು" ಅಂದಳು.

ನಾನು ಚಿಮ್ಮಟ ಹುಡುಕೋಕೆ ಹೋದೆ. ಅದು ದೊಡ್ಡ ತಪ್ಪಾಗುತ್ತಿತ್ತು, ಕೈ ಹಾಕಿದರೆ ಕಾಳು ಇನ್ನೂ ಒಳಗೆ ಹೋಗುತ್ತೆ. ಹಾಗೇ ಬಿಟ್ಟರೆ ತೇವಕ್ಕೆ ಊದಿಕೊಳ್ಳುತ್ತೆ. ತಂಗಿ ತಡೆದು, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಎರಡು ನಿಮಿಷದಲ್ಲಿ ತೆಗೆದರು. 500 ರೂಪಾಯಿ. ವಾಪಸ್ ಬರುವಾಗ ಆಟೋದಲ್ಲಿ ಯಾರೂ ಮಾತಾಡಲಿಲ್ಲ.

ಅವತ್ತೇ ರಾತ್ರಿ ಸಾಮಾನು ಬದಲಾಯಿತು. ಬಿಡಿ ಕಾಳು ಒಂದೂ ಇಲ್ಲ. ಈರುಳ್ಳಿ, ಆಲೂಗಡ್ಡೆ, ನಿಂಬೆಹಣ್ಣು, ಕೊಬ್ಬರಿ ಬಟ್ಟಲು, ಬಟ್ಟೆಯ ಗಂಟು. ಕಾಳುಗಳು ಮುಚ್ಚಳ ಅಂಟಿಸಿದ ಬಾಟಲಿಯೊಳಗೆ. ಅಕ್ಕಿ ಅಳೆಯುವ ಆಟ ದೊಡ್ಡವರು ಪಕ್ಕದಲ್ಲಿ ಕೂತಿದ್ದಾಗ ಮಾತ್ರ, ಮೂರು ವರ್ಷದ ಒಳಗಿನ ಮಗು ಮನೆಗೆ ಬಂದ ದಿನ ಅದೂ ಇಲ್ಲ.

ಬಾಟಲಿಗಳಿಂದ ಒಂದು ಹೊಸ ಆಟ ಹುಟ್ಟಿತು ಅನ್ನಿ. ರಾಗಿ ಬಾಟಲಿ ಅಲ್ಲಾಡಿಸಿದರೆ ಸರಸರ. ಕಡಲೆಯದು ಗಲಗಲ. ಒಂದೇ ಒಂದು ಗೋಲಿ ಹಾಕಿದ್ದು ಕಟಕಟ. ಕಣ್ಣು ಮುಚ್ಚಿ ಹೇಳಬೇಕು. ಪುಟ್ಟಿ ಹತ್ತಿಗೂ ಒಂದು ಬಾಟಲಿ ಬೇಕು ಅಂದಳು. ತುಂಬಿ ಕೊಟ್ಟೆ. ಅಲ್ಲಾಡಿಸಿ, ಕಿವಿಗಿಟ್ಟು, "ಇದು ಸುಮ್ಮಸುಮ್ಮ" ಅಂದಳು.

ನವೆಂಬರ್ 5, 6, 7: ಅಕ್ಷರದ ಚೀಟಿ

ಮೂರು ರಾತ್ರಿ ಹೋಯಿತು. ಅಂಗಡಿಯ ಸಾಮಾನಿಗೆಲ್ಲ ಹೆಸರಿನ ಚೀಟಿ, ಜೊತೆಗೆ ಬೆರಳಲ್ಲಿ ಸವರಿ ನೋಡುವ ಉಪ್ಪುಕಾಗದದ ಅಕ್ಷರ. ರಟ್ಟು, ಗೋಂದು, ಇನ್ನೊಂದಷ್ಟು ಉಪ್ಪುಕಾಗದ ಸೇರಿ 90 ರೂಪಾಯಿ.

49 ಅಕ್ಷರವನ್ನೂ ಮಾಡುವ ಹುಚ್ಚು ಇತ್ತು. ಸರ್ಕಾರಿ ಶಾಲೆಯಲ್ಲಿ ಕಲಿಸುವ ಗೆಳೆಯನೊಬ್ಬ ತಡೆದ. ಅವರ ಶಾಲೆಗಳಲ್ಲಿ ಆಟವಾಡಿಸುತ್ತಾ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಅ ಆ ಇ ಈ ಅಂತ ಶುರು ಮಾಡೋದಿಲ್ಲ, ರ ಗ ಸ ದ ಅ ಇಂದ ಶುರು. ಬರೆಯೋಕೆ ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ, ಸರ, ಗರಗಸ, ಅಗಸ ಅಂತ ಬೇಗ ಪದವೂ ಆಗುತ್ತೆ. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಅದು, ಮೈಸೂರಲ್ಲಿ ಕೂತು ನಿನಗೆ ಗೊತ್ತಿಲ್ವಾ ಅಂತ ಬೈದ. ಸರಿ, ಐದೇ ಅಕ್ಷರ.

80 ನಂಬರಿನ ಕಾಗದದಲ್ಲಿ ಮಾಡಿದೆ, ಅವಳ ಬೆರಳು ಕೆಂಪಾಯಿತು. 120ರಲ್ಲಿ ಮತ್ತೆ ಮಾಡಿದೆ. ಈ ಸಲ ಕಾಗದದ ಹಿಂಬದಿಯಲ್ಲಿ ಬರೆದು ಕತ್ತರಿಸಿದ್ದರಿಂದ ತಿರುಗಿಸಿ ಅಂಟಿಸಿದಾಗ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಗ ಒಂದು ಮಾತ್ರ ಅಷ್ಟಾಗಿ ಗೊತ್ತಾಗಲಿಲ್ಲ. ಮೂರನೆಯ ರಾತ್ರಿ ಸರಿಹೋಯಿತು.

ಪುಟ್ಟಿ ಅದನ್ನು ಎರಡು ಸಲ ಸವರಿ, ಪಕ್ಕಕ್ಕಿಟ್ಟು, ನಾನು ಎಸೆದಿದ್ದ ಚೂರು ಕಾಗದದ ಮೇಲೆ ಪೆನ್ನಿನಲ್ಲಿ ಗೀಚಿ "ತಗೊಳ್ಳಿ ಬಿಲ್ಲು" ಅಂತ ಕೊಟ್ಟಳು. ಎಡದಿಂದ ಬಲಕ್ಕೆ, ಸಾಲಾಗಿ, ಕೊನೆಗೆ ಅಡಿಗೆರೆ ಎಳೆದು. ಅಕ್ಷರ ಒಂದೂ ಇಲ್ಲ, ಬಿಲ್ಲು ಮಾತ್ರ ಅಪ್ಪಟ. "ಓದಿ ಹೇಳಿ" ಅಂದೆ. "ಈಲುಲ್ಲಿ ಹತ್ತು ಲುಪಾಯಿ, ನಿಂಬೆಹಣ್ಣು ಐದು ಲುಪಾಯಿ, ಚೀಲ ತಂದಿಲ್ಲ, ಚೀಲಕ್ಕೆ ಐದು." ಚೀಟಿ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆ. ಬಿಲ್ ಪುಸ್ತಕಕ್ಕೆ ಅಂತ ಒಂದು ಬದಿ ಖಾಲಿ ಇದ್ದ ಆಫೀಸ್ ಕಾಗದಗಳನ್ನು ಕತ್ತರಿಸಿ ಹೊಲಿದು ಕೊಟ್ಟೆ.

ನವೆಂಬರ್ 10: ಅಂಗಡಿ ಬಂದ್

ಮೊದಲ ಗಿರಾಕಿ ನಾನು. ಹೋಗಿ ಮಾಡಿದ್ದೇನು? "ಇದೇನು? ಇದರ ಬಣ್ಣ ಯಾವುದು? ಎಷ್ಟಿದೆ ಎಣಿಸು ನೋಡೋಣ." ಮೂರನೆಯ ಪ್ರಶ್ನೆಗೆ ಅವಳು ಟವೆಲ್ ಎಳೆದು ಕೌಂಟರ್ ಮುಚ್ಚಿ "ಅಂಗಡಿ ಬಂದ್" ಅಂದಳು. ಸರಿಯಾಗಿಯೇ ಇತ್ತು. ಯಾವ ಗಿರಾಕಿ ಅಂಗಡಿಗೆ ಹೋಗಿ ಟೊಮೆಟೊ ತೋರಿಸಿ ಇದೇನು ಅಂತ ಕೇಳ್ತಾನೆ?

ಅದೇ ದಿನ ಇನ್ನೊಂದು ತಪ್ಪು. "ಈಲುಲ್ಲಿ ಅಲ್ಲ, ಈರುಳ್ಳಿ ಅನ್ನು. ಳ್ಳಿ. ನಾಲಿಗೆ ಮಡಿಸು" ಅಂತ ನಾಲ್ಕು ಸಲ ತಿದ್ದಿದೆ. ಮಾರನೆಯ ದಿನದಿಂದ ಅವಳ ಅಂಗಡಿಯಲ್ಲಿ ಈರುಳ್ಳಿ ಅನ್ನುವ ಪದವೇ ಮಾಯ. "ಕಣ್ಣೀರು ಬರೋದು ಬೇಕಾ?" ಅಂತ ಕೇಳೋಕೆ ಶುರು ಮಾಡಿದಳು. ಜಾಣತನ ನೋಡಿ ನಗು ಬಂತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಆಮೇಲೆ ತಿದ್ದುವುದು ಬಿಟ್ಟು, ಗಿರಾಕಿಯಾಗಿ ನಾವೇ ಆ ಪದ ಜಾಸ್ತಿ ಹೇಳಿದೆವು. "ಹೌದಮ್ಮಾ, ಈರುಳ್ಳಿ ಕೊಡಿ. ಈರುಳ್ಳಿ ಕೊಳೆತಿಲ್ಲ ತಾನೇ?" ಎಂಟು ದಿನಕ್ಕೆ ಈಲುಲ್ಲಿ ವಾಪಸ್ ಬಂತು. ಲ್ಲಿ ಹಾಗೇ ಇದೆ. ಇರಲಿ.

ನವೆಂಬರ್ 17: ಅಜ್ಜಿ ಗಿರಾಕಿ

ಅಮ್ಮ ತಮ್ಮ ಹಿತ್ತಾಳೆಯ ಪಾವು ತಂದರು. ಲೀಟರು, ಕಿಲೋ ಬಂದು ಅರವತ್ತು ವರ್ಷ ದಾಟಿದರೂ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಪಾವಿನಲ್ಲೇ ಬೀಳೋದು, ನಾಲ್ಕು ಪಾವಿಗೆ ಒಂದು ಸೇರು. ಚಾಪೆ ಹಾಸಿ, ಅಕ್ಕಿ ಸುರಿದು, ಅಳೆಯೋದು ತೋರಿಸಿದರು. ಗೋಪುರ ಮಾಡಿ ಅಳೆಯೋದು ಒಂದು, ಬೆರಳಲ್ಲಿ ಸವರಿ ಅಳೆಯೋದು ಇನ್ನೊಂದು. ಎಣಿಸುವಾಗ ಒಂದು ಅನ್ನಲಿಲ್ಲ. "ಲಾಭ, ಎರಡು, ಮೂರು, ನಾಲ್ಕು..." ಧಾನ್ಯ ಅಳೆಯುವಾಗ ಮೊದಲ ಅಳತೆ ಯಾವಾಗಲೂ ಲಾಭ.

ಒಂದು ವಿಷಯ ಆಗ ತಲೆಗೆ ಹೊಳೆಯಿತು. ಮನೆಯಲ್ಲಿ ಎಲ್ಲರೂ ಪುಟ್ಟಿಗೆ "ನೀನು, ಕೊಡು, ಬಾ" ಅನ್ನುತ್ತೇವೆ. ಅವಳೂ ಎಲ್ಲರಿಗೂ "ಕೊಡು" ಅನ್ನುತ್ತಿದ್ದಳು, ಡಾಕ್ಟರಿಗೂ. ಕೊಡಿ, ಬನ್ನಿ, ತಗೊಳ್ಳಿ ಅಂತ ಅವಳನ್ನು ಯಾರಾದರೂ ಕರೆದಿದ್ದರೆ ತಾನೇ? ಅಮ್ಮ ಅಂಗಡಿ ಮುಂದೆ ನಿಂತು "ಏನಮ್ಮಾ ಶೆಟ್ಟಿಗಿತ್ತಿ, ಚೆನ್ನಾಗಿದೀರಾ? ಒಂದು ಪಾವು ಅಕ್ಕಿ ಕೊಡಿ" ಅಂದರು. ಪುಟ್ಟಿ ಬೆನ್ನು ನೆಟ್ಟಗೆ ಮಾಡಿ ನಿಂತಳು. "ಬನ್ನಿ. ಕೂತ್ಕೊಳ್ಳಿ. ನಿಮಗೆ ಎಷ್ಟು ಬೇಕು?" ಅಂದಳು. "ನಿಮಗೆ" ಅನ್ನುವ ಪದ ಅವಳ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು.

ಅಮ್ಮ ತಪ್ಪು ತಪ್ಪು ಗಿರಾಕಿ. ಅಂಗಡಿಯಲ್ಲಿ ಇಲ್ಲದ್ದನ್ನೇ ಕೇಳುತ್ತಾರೆ. "ಬೆಳದಿಂಗಳು ಇದೆಯಾ ಅರ್ಧ ಕೇಜಿ?" ಪುಟ್ಟಿ ಗೂಡಿನಲ್ಲಿ ಹುಡುಕಿ, "ಖಾಲಿ ಆಗಿದೆ. ನಾಳೆ ಬನ್ನಿ" ಅಂದಳು. "ಅಕ್ಕಿಗಿಕ್ಕಿ, ಬೇಳೆಗೀಳೆ ಏನಿದೆ?" ಅಂದರೆ "ಅಕ್ಕಿ ಇದೆ, ಗಿಕ್ಕಿ ಇಲ್ಲ" ಅಂತ ಖಡಾಖಂಡಿತ. ತೂಕದಲ್ಲಿ ಮೋಸ ಅಂತ ಅಮ್ಮ ಜಗಳ ತೆಗೆದರೆ ತಕ್ಕಡಿ ಎತ್ತಿ ತೋರಿಸಿ "ನೋಡಿ, ಸಮ ಇದೆ. ಈ ಕಡೆ ಭಾರ ಇಲ್ಲ, ಆ ಕಡೆ ಹಗುರ ಇಲ್ಲ" ಅಂದಳು. ಸೋಮಾರಿ ತಕ್ಕಡಿಯಲ್ಲೇ ಬಿಟ್ಟಿದ್ದರೆ ಈ ಜಗಳ ಆಗುತ್ತಲೇ ಇರಲಿಲ್ಲ.

ನಾನು ಹತ್ತು ರೂಪಾಯಿಗೆ ಎರಡು ನಿಂಬೆಹಣ್ಣು ಕೇಳಿದೆ. "ಆಗಲ್ಲ ಸ್ವಾಮಿ, ನಮಗೇ ಬೀಳಲ್ಲ" ಅಂದಳು. ಹಣ್ಣಿನ ಪೆಟ್ಟಿಗೆ ಕೊಟ್ಟವರು ನನಗೆ ಹೇಳಿದ್ದು ಇದೇ ಮಾತು, ಇದೇ ಧಾಟಿಯಲ್ಲಿ.

ಅಡ್ಡ ಪರಿಣಾಮ: ಪ್ಲೇ ಸ್ಕೂಲಿನಲ್ಲಿ ಎಣಿಸು ಅಂದರೆ "ಲಾಭ, ಎರಡು, ಮೂರು" ಅಂದಳಂತೆ. ಟೀಚರ್ ಫೋನ್ ಮಾಡಿ, ಲಾಭ ಅಂದರೆ ಏನು ಅಂತ ಕೇಳಿದರು. ಪಾಪ, ನಗುತ್ತಲೇ ಕೇಳಿದರು.

ನವೆಂಬರ್ 24: ಇವತ್ತಿನ ಸ್ಥಿತಿ

ಒಟ್ಟು ಖರ್ಚು 680 ರೂಪಾಯಿ. ಡಾಕ್ಟರ 500 ಸೇರಿಸಿದರೆ 1180. ಇದರಲ್ಲಿ ರಟ್ಟಿನ ಟೇಪು, 6ರ ಬಿಟ್ಟು, ಅಕ್ಷರದ ಸಾಮಾನು ಬೇಡವಾಗಿತ್ತು.

ಎಲ್ಲ ಸರಿಹೋಗಿದೆ ಅಂತಲ್ಲ. "ವಾಟರ್ ಬೇಕು" ಇನ್ನೂ ಇದೆ. "ಎರಡು ಅಜ್ಜಿ ಬಂದ್ರು" ಅನ್ನುತ್ತಾಳೆ, "ಇಬ್ಬರು" ಬಂದಿಲ್ಲ. ಅದಕ್ಕೆ ಅಂಗಡಿ ಸಾಲದು, ಗಿರಾಕಿಗಳನ್ನು ಎಣಿಸುವ ಕೆಲಸ ಏನಾದರೂ ಬೇಕು. ಬಸ್ಸು ಮಾಡೋಣ ಅಂತಿದ್ದೀನಿ, ಕಂಡಕ್ಟರ್ ಅವಳೇ.

ಅಂಗಡಿಗೆ ಅವಳದೇ ಒಂದು ಸೇರ್ಪಡೆ ಆಗಿದೆ. ಚಹಾಪುಡಿಯ ಖಾಲಿ ಡಬ್ಬ. ದುಡ್ಡು ಬಂದಾಗ ಅಂಗಡಿಗಳಲ್ಲಿ ಕೂಗುತ್ತಲ್ಲ, ಆ ಡಬ್ಬ. ಚೌಕ ಚೌಕ ಗೀಚಿದ ರಟ್ಟಿಗೆ ನಾವು ಮೊಬೈಲು ಹಿಡಿದ ಕೂಡಲೆ, ಡಬ್ಬದೊಳಗೆ ಬಾಯಿ ಇಟ್ಟು ಗಂಭೀರವಾಗಿ "ಹತ್ತು ಲುಪಾಯಿ ಸ್ವೀಕಲಿಸಲಾಗಿದೆ" ಅನ್ನುತ್ತಾಳೆ. ಈ ಪದ ಮನೆಯಲ್ಲಿ ಯಾರೂ ಆಡೋದಿಲ್ಲ.

ಇವತ್ತು ಬೆಳಿಗ್ಗೆ ಬೆಕ್ಕನ್ನು ತೂಗಲು ಹೋಗಿ ಬಲಗಡೆ ಕರಟ ಸೀಳಿದೆ. ಎಂ-ಸೀಲ್ ಹಚ್ಚಿ ಒಣಗಲು ಇಟ್ಟಿದ್ದೀನಿ. ಪುಟ್ಟಿ ಕೌಂಟರಿನ ಮೇಲೆ ಗೀಚಿದ ಕಾಗದವೊಂದನ್ನು ಅಂಟಿಸಿದ್ದಾಳೆ. ಏನು ಬರೆದಿದ್ದೀಯಾ ಅಂತ ಕೇಳಿದರೆ "ತಕ್ಕಡಿಗೆ ಹುಷಾರಿಲ್ಲ. ನಾಳೆ ಬನ್ನಿ."